ಬ್ಯಾಸಗಿ ಹಾಡಿನಲ್ಲಿ ಬೇವೇ ಯಾಕೆ, ಮಾವು ಯಾಕಲ್ಲ?

ಮುಧೋಳ ಮಾಸ್ತರ

ಈ ತ್ರಿಪದಿ ನಮ್ಮ ಕಡೆ ಕೇಳದವರು ಕಡಿಮೆ:

ಬ್ಯಾಸಗಿ ದಿವಸಕ ಬೇವಿನ ಮರ ತಂಪ
ಭೀಮರತಿಯೆಂಬ ಹೊಳಿ ತಂಪ, ಹಡೆದವ್ವ
ನೀ ತಂಪ ನನ್ನ ತವರೀಗೆ

ಭೀಮರತಿ ಅಂದರೆ ಭೀಮಾ ನದಿ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೂ ಮೊದಲು ಎಷ್ಟು ಕಾಲದಿಂದ ಬೀಸುಕಲ್ಲಿನ ಮುಂದೆ ಇವು ಹರಿದಾಡುತ್ತಿದ್ದವೋ.

ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಇಂಥ ಪದ್ಯಕ್ಕೆ ಗೈಡುಗಳಲ್ಲಿ ಒಂದೇ ಸಾಲಿನ ಉತ್ತರ ಇರುತ್ತದೆ: ‘ತಾಯಿಯ ಮಹಿಮೆಯನ್ನು ವರ್ಣಿಸಲಾಗಿದೆ.’ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ, ಮಾರ್ಕ್ಸೂ ಬೀಳುತ್ತದೆ. ನಾನು ಸ್ವಲ್ಪ ಬಿಡಿಸಿ ಹೇಳಲು ಹೋದರೆ ಹಿಂದಿನ ಬೆಂಚಿನವರು ಕೇಳುತ್ತಾರೆ, ‘ಸರ್, ಹಾಡಿದಾಕಿ ಇಷ್ಟೆಲ್ಲ ಯೋಚನೆ ಮಾಡಿದ್ಲಾ, ಇಲ್ಲಾ ನೀವೇ ಹಚ್ಚಿ ಹೇಳ್ತೀರಾ?’

ಒಳ್ಳೆ ಪ್ರಶ್ನೆ. ನಾನು ಮಾಡುವುದು ಇಷ್ಟೇ. ಒಂದು ಪದ ತೆಗೆದು ಬೇರೆ ಪದ ಹಾಕಿ ನೋಡುತ್ತೇನೆ. ಬೇವಿನ ಬದಲು ಮಾವಿನ ಮರ ಅನ್ನಿ. ಮಾವಿನ ನೆರಳೂ ದಟ್ಟ, ತಂಪಿಗೇನೂ ಕೊರತೆ ಇಲ್ಲ. ಆದರೆ ಮಾವು ಅಂದ ಕೂಡಲೇ ಹಣ್ಣು ನೆನಪಾಗುತ್ತದೆ, ಅದರ ಕೆಳಗೆ ಹೋಗುವವನ ಕಣ್ಣು ಮೇಲೇ ಇರುತ್ತದೆ. ಬೇವಿನ ಕೆಳಗೆ ಹಣ್ಣಿನ ಆಸೆಗೆ ಯಾರೂ ಹೋಗುವುದಿಲ್ಲ, ನೆರಳಿಗೇ ಹೋಗುತ್ತಾರೆ. ಎಲೆ ಕಹಿ, ನೆರಳು ತಂಪು. ಹಡೆದವ್ವನ ಬಾಯಿಯೂ ಎಷ್ಟೋ ಸಲ ಹಾಗೇ ಇರುತ್ತದೆ ಅಲ್ವಾ?

ನಿಮಗೇನನ್ನಿಸುತ್ತದೆ? ಇದು ಹಾಡಿನೊಳಗೆ ಇರುವುದಾ, ನಾನು ಹೊರಗಿನಿಂದ ತಂದದ್ದಾ?

ನಿಂಬಿತೋಟ

ಸರ್, ಬೇಜಾರಾಗಬೇಡಿ, ನೀವು ತಂದದ್ದೇ. ನಾನು ಇಂಡಿ ತಾಲೂಕಿನವನು. ನಮ್ಮ ಕಡೆ ಹೊಲದ ಬದುವಿನಲ್ಲಿ ಬೇವು ಬಿಟ್ಟರೆ ಜಾಲಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ದನ, ಕುರಿ, ಮನುಷ್ಯ ಎಲ್ಲರೂ ಬೇವಿನ ಬುಡಕ್ಕೇ. ಹಾಡಿದಾಕೆಗೆ ಕಣ್ಣೆದುರು ಇದ್ದ ಮರ ಅದು, ಅದನ್ನೇ ಹಾಡಿದಳು. ಕೊಂಕಣದ ಹೆಣ್ಣುಮಗಳಾಗಿದ್ದರೆ ತೆಂಗು ಅನ್ನುತ್ತಿದ್ದಳು. ಕಹಿ-ಸಿಹಿ ಎಲ್ಲ ನಾವು ಪುಸ್ತಕ ಓದಿದವರು ಸುಮ್ನೆ ಅಂಟಿಸೋದು.

ಪಿಯುಸಿ ಪಾಸಾದ್ರೆ ಸಾಕು

ಇದು ಪರೀಕ್ಷೆಗೆ ಬರುತ್ತಾ ಸರ್?

ಮುಧೋಳ ಮಾಸ್ತರ

ಬರಲ್ಲಪ್ಪ. ಆರಾಮಾಗಿ ಓದು.

ಚಡಚಣ ಸೊಸಿ

ನೀವಿಬ್ಬರೂ ಮರದ ಕೆಳಗೇ ಕೂತುಬಿಟ್ಟಿರಿ. ಮೂರನೇ ಸಾಲು ನೋಡಿ.

‘ನೀ ತಂಪ ನನ್ನ ತವರೀಗೆ.’ ಮದುವೆಯಾಗದ ಹುಡುಗಿ ತನ್ನ ಮನೆಗೆ ತವರು ಅನ್ನುತ್ತಾಳಾ? ಇಲ್ಲ. ಗಂಡನ ಮನೆಗೆ ಬಂದ ಮೇಲೇ ಅದು ತವರು. ಆ ಒಂದು ಪದದಿಂದ ಹಾಡುವವಳು ಎಲ್ಲಿ ಕೂತಿದ್ದಾಳೆ ಅಂತ ಗೊತ್ತಾಗಿಬಿಡುತ್ತದೆ. ಅವಳು ಅತ್ತೆ ಮನೆಯಲ್ಲಿದ್ದಾಳೆ. ಅವ್ವ ಅಲ್ಲಿದ್ದಾಳೆ.

ಈಗ ತಿರುಗಿ ಮೊದಲಿನಿಂದ ಓದಿ. ಮೂರು ಸಲ ತಂಪು ಬಂತು. ಮರ ತಂಪು, ಹೊಳೆ ತಂಪು, ಅವ್ವ ತಂಪು. ಅವಳು ಕೂತ ಜಾಗಕ್ಕೆ? ಅದರ ಬಗ್ಗೆ ಒಂದು ಮಾತೂ ಇಲ್ಲ. ಅತ್ತೆಯನ್ನು ಬೈದಿಲ್ಲ, ಗಂಡನನ್ನು ದೂರಿಲ್ಲ, ಕಷ್ಟ ಅಂತಲೂ ಅಂದಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ಕೇಳಿಸಿಕೊಂಡರೂ ತಪ್ಪು ಹಿಡಿಯಲು ಒಂದು ಪದ ಸಿಗುವುದಿಲ್ಲ. ಆದರೂ ಬೇಸಿಗೆ ಎಲ್ಲಿದೆ ಅಂತ ಕೇಳಿದವರಿಗೆಲ್ಲ ಗೊತ್ತಾಗುತ್ತದೆ.

ಇನ್ನೊಂದು, ‘ಹಡೆದವ್ವ’. ನಮ್ಮ ಮನೆಯಲ್ಲಿ ನಾನು ಅತ್ತೆಗೂ ಅವ್ವ ಅಂತಲೇ ಕರೆಯುತ್ತೇನೆ, ಬಹಳ ಮನೆಗಳಲ್ಲಿ ಹಾಗೇ. ಬರೀ ಅವ್ವ ಅಂದರೆ ಯಾವ ಅವ್ವ? ಹಡೆದವ್ವ ಅಂದರೆ ಅನುಮಾನಕ್ಕೆ ಜಾಗ ಇಲ್ಲ. ನಿಂಬಿತೋಟ ಅಣ್ಣಾ, ಇದನ್ನೂ ನಾವು ಅಂಟಿಸಿದ್ದು ಅಂತೀರಾ?

ನಿಂಬಿತೋಟ

ಅಕ್ಕಾ, ತವರಿನ ಮಾತು ಒಪ್ಪಿದೆ. ಅದು ಪದದ ಒಳಗೇ ಇದೆ, ಯಾರೂ ತರಬೇಕಾಗಿಲ್ಲ. ಬೇವಿನ ಕಹಿ ಮಾತ್ರ ಇನ್ನೂ ಒಪ್ಪಿಲ್ಲ.

ಜಮಖಂಡಿ ಅಕ್ಕ

‘ನಿನ್ನ ಹೊಟ್ಟಿ ತಣ್ಣಗಿರಲಿ’ ಅಂತ ನಮ್ಮ ಹಿರಿಯರು ಹರಸುತ್ತಾರಲ್ಲ, ಅದೂ ಇಲ್ಲಿ ಕೇಳುತ್ತದೆ. ತಂಪು ಅಂದರೆ ಬರೀ ಗಾಳಿಯ ತಂಪಲ್ಲ. ಹಡೆದವ್ವನ ಹೊಟ್ಟೆ ತಣ್ಣಗಿರಬೇಕು ಅಂದರೆ ಮಗಳು ಚೆನ್ನಾಗಿರಬೇಕು. ಅದಕ್ಕೇ ಇವಳು ಬಾಯಿಬಿಟ್ಟು ಹೇಳುತ್ತಿಲ್ಲವೋ ಏನೋ.

ಚಡಚಣ ಸೊಸಿ

ಇದು ನನಗೆ ಹೊಳೆದಿರಲಿಲ್ಲ ಅಕ್ಕಾ. ಈಗ ಹಾಡುವುದೇ ಕಷ್ಟ ಆಯಿತು.

ಮುಧೋಳ ಮಾಸ್ತರ

ನಿಂಬಿತೋಟದವರಿಗೆ ನಮ್ಮ ಊರಿನವನನ್ನೇ ಸಾಕ್ಷಿಗೆ ಕರೆಯುತ್ತೇನೆ. ರನ್ನ ಮುಧೋಳದವನು, 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ಆಗ ಬರುವ ಕಂದಪದ್ಯ:

ಆರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಸಿಂಹದ ದನಿಯನ್ನು ಗೆದ್ದ, ಗುಡುಗನ್ನು ಹಿಂದಕ್ಕಟ್ಟಿದ ಆ ದನಿ ಕೇಳಿ, ಸಿಟ್ಟಿನಿಂದ ಕಣ್ಣು ಕೆಂಪಾದ ದುರ್ಯೋಧನ ನೀರಿನೊಳಗೆ ಇದ್ದರೂ ಬೆವತ. ಇಷ್ಟೇ ವಿಷಯ. ಮೊದಲರ್ಧದಲ್ಲಿ ರವ, ರವ, ರವ ಅಂತ ಅದೇ ಸದ್ದು ಮತ್ತೆ ಮತ್ತೆ ಬಡಿಯುತ್ತದೆ. ರವ ಅಂದರೇ ದನಿ. ಭೀಮನ ಕೂಗು ನೀರಿನ ಮೇಲೆ ಮಾರ್ದನಿಸಿದ ಹಾಗೆ. ‘ಇರ್ದುಂ’ ಅನ್ನುವಲ್ಲಿ ಕೊನೆಯ ‘ಉಂ’ ನೋಡಿ. ಇದ್ದರೂ. ಆ ಒಂದು ಅಕ್ಷರ ತೆಗೆದರೆ ನಗೆಯೂ ಇಲ್ಲ, ಮರುಕವೂ ಇಲ್ಲ, ಬರೀ ವರದಿ.

ನನಗೆ ಎಲ್ಲಕ್ಕಿಂತ ಇಷ್ಟ ಕೊನೆಯ ಪದ. ದುರ್ಯೋಧನನಿಗೆ ಹೆಸರುಗಳೇನು ಕಡಿಮೆಯಾ? ಸುಯೋಧನ, ಕೌರವ, ಕುರುಪತಿ. ಅವನ್ನೆಲ್ಲ ಬಿಟ್ಟು ಇಲ್ಲಿ ಉರಗಪತಾಕ ಅಂತಾನೆ. ಹಾವಿನ ಬಾವುಟದವನು. ಬಾವುಟ ಅಂದರೆ ರಥದ ತುದಿಯಲ್ಲಿ, ಎಲ್ಲರಿಗೂ ಕಾಣುವ ಎತ್ತರದಲ್ಲಿ ಹಾರುವಂಥದ್ದು. ಅದರ ಒಡೆಯ ಈಗ ಕೊಳದ ತಳದಲ್ಲಿದ್ದಾನೆ. ಬಾವುಟದ ಮೇಲಿದ್ದ ಹಾವು ನೀರು ಹೊಕ್ಕು ಕೂತಿದೆ. ಸೋತವನು ಅಂತ ರನ್ನ ಎಲ್ಲೂ ಹೇಳಿಲ್ಲ.

ನಿಂಬಿತೋಟ

ಸರ್, ನಾನು ಗಣಿತದವನು, ಛಂದಸ್ಸಿನ ಲೆಕ್ಕ ಸ್ವಲ್ಪ ಬರುತ್ತದೆ. ಅದಕ್ಕೇ ಹೇಳುತ್ತೇನೆ, ಅಲ್ಲಿ ಆ ಪದ ಬಂದದ್ದು ಲೆಕ್ಕಕ್ಕೆ.

ಮಾತ್ರೆ ಅಂದರೆ ಉಚ್ಚಾರದ ಅಳತೆ; ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು. ಕಂದದ ನಾಲ್ಕನೇ ಸಾಲಿಗೆ 20 ಮಾತ್ರೆ. ನಾಲ್ಕು ಮಾತ್ರೆಯ ಐದು ಗಣ. ಮೂರನೇ ಗಣದಲ್ಲಿ ಜಗಣ ಬರಬೇಕು, ಅಂದರೆ ಲಘು-ಗುರು-ಲಘು, ಇಲ್ಲಾ ನಾಲ್ಕೂ ಲಘು. ಇಲ್ಲಿ ಮೂರನೇ ಗಣ ‘ಬೆಮರ್ತ’. ಸರಿಯಾಗಿ ಜಗಣ. ಮುಂದೆ ವ್ಯಂಜನದಿಂದ ಶುರುವಾಗುವ ಹೆಸರು ಹಾಕಿದರೆ ‘ಬೆಮರ್ತಂ’ ಆಗುತ್ತದೆ, ಒಂದು ಮಾತ್ರೆ ಜಾಸ್ತಿ, ಗಣ ಮುರಿಯುತ್ತದೆ. ಸುಯೋಧನ, ಕೌರವ, ಕುರುಪತಿ ಯಾವುದೂ ಕೂರಲ್ಲ. ಸ್ವರದಿಂದ ಶುರುವಾಗಿ ಎಂಟು ಮಾತ್ರೆ ತುಂಬುವ ಹೆಸರೇ ಬೇಕಿತ್ತು. ಉರಗಪತಾಕಂ ಸಿಕ್ಕಿತು, ಹಾಕಿದ. ಹಾವು, ನೀರು, ಬಾವುಟ ಎಲ್ಲ ಆಮೇಲಿನ ಕಥೆ.

ಮುಧೋಳ ಮಾಸ್ತರ

ಭೇಷ್! ನನ್ನ ಕ್ಲಾಸಿಗೆ ಒಂದು ದಿನ ಬನ್ನಿ, ಮಾತ್ರೆ ಲೆಕ್ಕ ನೀವೇ ಹೇಳಿಕೊಡಿ.

ಆದರೆ ಸ್ವರದಿಂದ ಶುರುವಾಗಿ ಎಂಟು ಮಾತ್ರೆ ತುಂಬುವ ಪದ ಅದೊಂದೇ ಅಲ್ಲ. ‘ಅವನೀಪಾಲಂ’ ಹಾಕಿ ನೋಡಿ. ಭೂಮಿಯನ್ನು ಆಳುವವನು, ರಾಜ. ‘ನೀರೊಳಗಿರ್ದುಂ ಬೆಮರ್ತನವನೀಪಾಲಂ.’ ಬೆಮರ್ತ ಜಗಣ ಹಾಗೇ ಉಳಿಯಿತು, ನವನೀ ನಾಲ್ಕು ಮಾತ್ರೆ, ಪಾಲಂ ನಾಲ್ಕು. ಎರಡನೇ ಅಕ್ಷರದ ಪ್ರಾಸಕ್ಕೂ ತೊಂದರೆ ಇಲ್ಲ. ಆರ, ಠೀರ, ಪಾರು, ನೀರೊ ಎಲ್ಲ ಇದ್ದ ಹಾಗೇ ಇವೆ. ಲೆಕ್ಕ ಪಕ್ಕಾ. ಪದ್ಯ ಮಾತ್ರ ಸಪ್ಪೆ. ರಾಜ ಬೆವತ, ಆಯಿತು, ಮುಂದೆ?

ಇನ್ನೊಂದು. ಆ ಸಾಲಿನಲ್ಲಿ ಲಘು-ಗುರು-ಲಘು ಬರುವುದು ಒಂದೇ ಕಡೆ. ಉಳಿದ ಗಣಗಳು ಸಲೀಸಾಗಿ ನಡೆಯುತ್ತವೆ, ಅಲ್ಲಿ ನಾಲಿಗೆ ಒಂದು ಸಲ ತಡವರಿಸುತ್ತದೆ. ಆ ತಡವರಿಸುವ ಜಾಗಕ್ಕೇ ರನ್ನ ಯಾವ ಪದ ಇಟ್ಟ? ‘ಬೆಮರ್ತ’. ನಿಯಮ ಜಾಗ ಕೊಟ್ಟಿತು, ಅಲ್ಲಿ ಯಾವುದನ್ನು ಕೂರಿಸಬೇಕು ಅಂತ ಹೇಳಲಿಲ್ಲ.

ನಿಂಬಿತೋಟ

ಅವನೀಪಾಲಂ ಚೆನ್ನಾಗಿ ಹುಡುಕಿದಿರಿ 😄 ಸರಿ, ರನ್ನನಿಗೆ ಬಿಡುತ್ತೇನೆ. ಅವನು ಕೂತು ಬರೆದವನು, ಪದ ತೂಗಲು ಅವನಿಗೆ ಪುರುಸೊತ್ತಿತ್ತು. ಬೀಸುತ್ತಾ ಹಾಡುವ ಹೆಣ್ಣುಮಗಳಿಗೂ ಅದೇ ತಕ್ಕಡಿ ಹಿಡಿಯೋದು ಸರಿನಾ?

ಜಮಖಂಡಿ ಅಕ್ಕ

ಕಣ್ಣು ಕೆಂಪಾಗಿತ್ತು ಅಂದರೆ ಸಿಟ್ಟು. ಬೆವತ ಅಂದರೆ ಭಯ. ಎರಡರಲ್ಲಿ ಯಾವುದು? ಸಿಟ್ಟಿಗೂ ಬೆವರು ಬರುತ್ತದಲ್ಲ.

ಮುಧೋಳ ಮಾಸ್ತರ

ಅಕ್ಕಾವರೇ, ಅಲ್ಲೇ ರನ್ನ ಬಾಯಿ ಮುಚ್ಚಿಕೊಂಡಿದ್ದಾನೆ. ‘ಅಂಜಿದಂ’ ಅಂದಿದ್ದರೆ ನಿಮ್ಮ ಪ್ರಶ್ನೆಗೆ ಜಾಗವೇ ಇರುತ್ತಿರಲಿಲ್ಲ. ನನ್ನ ಓದಿನಲ್ಲಿ ಎರಡೂ ಇದೆ. ದುರ್ಯೋಧನನ ಮೇಲೆ ಅವನಿಗೆ ಇದ್ದ ಗೌರವವೂ ಅಲ್ಲಿ ಕಾಣುತ್ತದೆ.

ದಪ್ಪು ತುಂತುಣಿ

ಹಾಡುವ ಹೆಣ್ಣುಮಕ್ಕಳು ಪದ ತೂಗುವುದಿಲ್ಲ ಅನ್ನುವವರು ಒಂದು ಸಲ ನಮ್ಮ ಕಡೆ ಜಾತ್ರೆಗೆ ಬಂದು ಹರದೇಶಿ-ನಾಗೇಶಿ ಕೇಳಬೇಕು. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ರಾತ್ರಿ ಇಡೀ ಸವಾಲು-ಜವಾಬು. ಸವಾಲು ಅಂದರೆ ಒಡಪಿನ ಹಾಗೆ ಕಟ್ಟಿದ ಪದ. ಮೇಲೆ ಒಂದು ಅರ್ಥ, ಒಳಗೆ ಇನ್ನೊಂದು. ಎದುರಿನವರು ಅದನ್ನು ಬಿಡಿಸಿ, ಅದೇ ಧಾಟಿಯಲ್ಲಿ ತಿರುಗಿ ಕೊಡಬೇಕು. ಜವಾಬು ಜಾರಿದರೆ ಜನ ಬಿಡುವುದಿಲ್ಲ, ಕೂಗೇ ಕೂಗು.

ಅಲ್ಲಿ ಕೂತು ಕೇಳುವವರಲ್ಲಿ ಅಕ್ಷರ ಬಾರದ ಮುದುಕರು ಎಷ್ಟೋ ಜನ. ಯಾವ ಪದದಲ್ಲಿ ಸವಾಲು ಅಡಗಿದೆ ಅಂತ ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ನಮ್ಮ ಕಾಕಾ ಒಬ್ಬರು ಬೀಡಿ ಕೆಳಗಿಟ್ಟರು ಅಂದರೆ ಈಗ ಬಂತು ಅಂತ ಅರ್ಥ. ಕವಿಗೆ ಅಷ್ಟು ಯೋಚನೆ ಇರುತ್ತಾ ಅನ್ನುವ ಹುಡುಗರನ್ನು ಅಲ್ಲಿ ಕೂರಿಸಿ ಸರ್.

ಬಾದಾಮಿ ಬಂಡಿ

ತ್ರಿಪದಿಯ ಮಾತು ಬಂದದ್ದಕ್ಕೆ ನಮ್ಮೂರನ್ನೂ ಸೇರಿಸಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರದ್ದು. ಅದರಲ್ಲಿ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಮಧುರವಾಗಿರುವವರಿಗೆ ಮಧುರ. ಎರಡನೇ ಸಾಲಿನಲ್ಲಿ ‘ಕಲಿ’ ಎರಡು ಸಲ ಬಂತು. ಕಲಿ ಅಂದರೆ ಶೂರನೂ ಹೌದು, ಕಲಿಯುಗದ ಕಲಿಯೂ ಹೌದು. ಕಾಡುವ ಕಲಿ ಯಾರು, ಎದುರು ನಿಂತ ವೀರನಾ, ಕಾಲವಾ? ಎರಡಕ್ಕೂ ಉತ್ತರ ಈತನೇ ಅನ್ನುವ ಹಾಗೆ ಪದ ಕೂತಿದೆ. ಕೊನೆಗೆ ಮಾಧವನೇ ಈತ, ಬೇರೆ ಅಲ್ಲ ಅಂತಾನೆ. ಸಾಧು, ಮಾಧುರ್ಯ, ಬಾಧೆ, ಮಾಧವ, ಎಲ್ಲದರಲ್ಲೂ ಧಕಾರ ಹೇಗೆ ಓಡುತ್ತಿದೆ ನೋಡಿ.

ಆದರೆ ಒಂದು ಎಚ್ಚರಿಕೆ. ನಮ್ಮ ಹುಡುಗರಿಗೆ ‘ವಿಪರೀತ’ ತೋರಿಸಿದರೆ ‘ವಿಪರೀತ ಬಿಸಿಲು’ ಅನ್ನುವಾಗಿನ ವಿಪರೀತ ಅಂದುಕೊಳ್ಳುತ್ತಾರೆ, ಅಂದರೆ ಸಿಕ್ಕಾಪಟ್ಟೆ. ಶಾಸನದಲ್ಲಿ ಅದು ತಿರುಗಿ ನಿಂತವನು, ಎದುರಾದವನು. ಪದ ಉಳಿದಿದೆ, ಅರ್ಥ ಸರಿದುಹೋಗಿದೆ. ಒಳ ಅರ್ಥ ಹುಡುಕುವ ಮುಂಚೆ ಹೊರ ಅರ್ಥ ಆ ಕಾಲದ್ದೇನಾ ಅಂತ ನೋಡಬೇಕು.

ಬಾಗೇವಾಡಿ ಓದುಗ

ಬಸವಣ್ಣನ ಊರಿನವನು ಸುಮ್ಮನಿದ್ದರೆ ಹೇಗೆ.

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ

ಎಲ್ಲರಿಗೂ ಬಾಯಿಪಾಠ. ಅದಕ್ಕೇ ಯಾರೂ ನಿಂತು ನೋಡುವುದಿಲ್ಲ. ‘ಮಾಡು’ ಅನ್ನುವ ಪದ ನೋಡಿ. ಮೊದಲ ಸಾಲಿನಲ್ಲಿ ಮಾಡುವರು, ಅಂದರೆ ಕಟ್ಟಿಸುವರು. ಎರಡನೇ ಸಾಲಿನಲ್ಲಿ ‘ನಾನೇನ ಮಾಡಲಿ’. ನಾನು ಏನನ್ನು ಕಟ್ಟಿಸಲಿ ಅಂತಲೂ ಆಯಿತು, ಕೈಲಾಗದಾಗ ‘ನಾನೇನ್ ಮಾಡ್ಲಿ’ ಅಂತೀವಲ್ಲ, ಅದೂ ಆಯಿತು. ಸಂಕಟದ ಮಾತು ಅದು.

ಮೂರನೇ ಸಾಲಿಗೆ ಬಂದರೆ ಮಾಡುವುದೇ ಇಲ್ಲ! ಕಾಲೇ ಕಂಬ, ದೇಹವೇ ದೇಗುಲ. ಕ್ರಿಯಾಪದವೇ ಬಿದ್ದುಹೋಗಿದೆ. ಉಳ್ಳವರು ಮಾಡುತ್ತಾರೆ, ಬಡವ ಆಗಿಯೇ ಇದ್ದಾನೆ. ಹಿಂದೆ ಕೆಲ ಕಾಲ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ ಈ ಮಾಡುವುದು-ಆಗಿರುವುದು ಅನ್ನುವ ಜೋಡಿಯನ್ನು ಎತ್ತಿ ತೋರಿಸಿದ್ದಾರೆ. ‘ಉಳ್ಳವರು’ ಕೂಡ ಹಾಗೇ. ಏನು ಉಳ್ಳವರು? ಹೊನ್ನು, ಹೊಲ, ಅಧಿಕಾರ, ಏನನ್ನೂ ಹೇಳಿಲ್ಲ. ಹೇಳದೆ ಬಿಟ್ಟದ್ದರಿಂದಲೇ ಇವತ್ತಿಗೂ ಚುಚ್ಚುತ್ತದೆ. ಶ್ರೀಮಂತರು ಅಂದಿದ್ದರೆ ಸುಮ್ನೆ ಒಂದು ವರ್ಗದ ಹೆಸರಾಗುತ್ತಿತ್ತು.

ನಿಂಬಿತೋಟ

ಒಂದು ಅಡ್ಡ ಪ್ರಶ್ನೆ. ‘ನಾನೇನ ಮಾಡುವೆ’ ಅಂತಲೂ ಓದು ಇದೆಯಲ್ಲ? ಎರಡೂ ಚಾಲ್ತಿಯಲ್ಲಿವೆ. ವಚನಗಳು ಬಾಯಲ್ಲಿ, ತಾಳೆಗರಿಯಲ್ಲಿ ಹಾದು ಬಂದವು. ನಮ್ಮ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿ ಅವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ಅಚ್ಚಿಗೆ ತಂದರು. ಪ್ರತಿಯಿಂದ ಪ್ರತಿಗೆ ಪದ ಬದಲಾಗಿರುತ್ತದೆ. ಹಾಗಿದ್ದಾಗ ‘ಮಾಡಲಿ’ ಬಸವಣ್ಣ ಆರಿಸಿದ ಪದವೋ, ಬರೆದುಕೊಂಡವನು ಆರಿಸಿದ್ದೋ? ಪದದ ಮೇಲೆ ಇಷ್ಟು ಭಾರ ಹೇರುವಾಗ ಪದ ಯಾರದ್ದು ಅಂತ ಗೊತ್ತಿರಬೇಕಲ್ಲ.

ಬಾಗೇವಾಡಿ ಓದುಗ

ಇದು ಗಟ್ಟಿ ಪ್ರಶ್ನೆ. ‘ಮಾಡಲಿ’ಯಲ್ಲಿ ಸಂಕಟ ಜಾಸ್ತಿ, ‘ಮಾಡುವೆ’ಯಲ್ಲಿ ಕಡಿಮೆ. ಅಷ್ಟು ಫರಕು ಉಂಟು. ಆದರೆ ಯಾವ ಓದು ತೆಗೆದುಕೊಂಡರೂ ‘ಮಾಡು’ ಎರಡು ಸಲ ಬರುತ್ತದೆ, ಮೂರನೇ ಸಾಲಿನಲ್ಲಿ ಮಾಯವಾಗುತ್ತದೆ. ನಾನು ಭಾರ ಹೇರಿದ್ದು ಅದರ ಮೇಲೆ. ಒಂದೇ ಪ್ರತ್ಯಯದ ಮೇಲೆ ಮನೆ ಕಟ್ಟುವವರಿಗೆ ನಿಮ್ಮ ಮಾತು ತಾಗುತ್ತದೆ. ಕಟ್ಟುವವರೂ ಬಹಳ ಜನ ಇದ್ದಾರೆ ಬಿಡಿ.

ಕುಂದಾನಗರಿ

ಒಳ ಅರ್ಥ ಅಂದರೆ ನಮ್ಮ ಬೆಳಗಾವಿಯವರಿಗೆ ಹಿಂಡಲಗಾ ಜೈಲು ನೆನಪಾಗಬೇಕು. ಬೇಂದ್ರೆ ಅವರನ್ನು ‘ನರಬಲಿ’ ಅನ್ನುವ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅಲ್ಲಿಟ್ಟಿತ್ತು. ಬಲಿ ಯಾರದ್ದು, ಪಡೆಯುವವರು ಯಾರು ಅಂತ ಸರ್ಕಾರಕ್ಕೂ ಅರ್ಥವಾಯಿತು. ಕವಿತೆ ಅರ್ಥವಾಗಲ್ಲ ಅನ್ನುವ ಹುಡುಗರಿಗೆ ಇದನ್ನೂ ಹೇಳಿ.

ಪಿಯುಸಿ ಪಾಸಾದ್ರೆ ಸಾಕು

ಆ ಪೊಲೀಸರಿಗೆ ಗೈಡ್ ಇರ್ಲಿಲ್ವಾ?

ಕುಂದಾನಗರಿ

😂 ಇದ್ದಿದ್ದರೆ ‘ಕವಿಯು ಬಲಿಯ ಮಹಿಮೆಯನ್ನು ವರ್ಣಿಸಿದ್ದಾರೆ’ ಅಂತ ಬಿಟ್ಟುಬಿಡುತ್ತಿದ್ದರು.

ಮುಧೋಳ ಮಾಸ್ತರ

ಈ ವಾರ ಕ್ಲಾಸಿನಲ್ಲಿ ಹೊಸದೊಂದು ಮಾಡಿದೆ. ತ್ರಿಪದಿಯನ್ನು ಬೋರ್ಡಿನ ಮೇಲೆ ಬರೆದು ಮರದ ಹೆಸರು, ಹೊಳೆಯ ಹೆಸರು ಖಾಲಿ ಬಿಟ್ಟೆ. ಹಾಡು ಗೊತ್ತಿದ್ದವರು ಸುಮ್ಮನಿರಿ, ಉಳಿದವರು ತುಂಬಿ ಅಂದೆ.

ಒಬ್ಬ ಜಾಲಿ ಅಂದ. ಜಾಲಿ ನೆರಳಿಗೆ ಹೋದರೆ ಮುಳ್ಳು ತುಳೀತೀಯಾ ಅಂತ ಉಳಿದವರು ನಕ್ಕರು. ಇನ್ನೊಬ್ಬಳು ಹುಣಸೆ ಅಂದಳು. ಹುಣಸೆ ಕೆಳಗೆ ದೆವ್ವ ಇರುತ್ತೆ, ಅವ್ವನ ಹಾಡಿಗೆ ಅದು ಬೇಡ ಅಂತ ಅವಳ ಗೆಳತಿಯೇ ತೆಗೆದುಹಾಕಿದಳು. ಮಾವು ಬಂದಾಗ ಒಬ್ಬ ಹುಡುಗ ಅಂದ ಮಾತು ಇಲ್ಲಿ ಬರೆಯಲೇಬೇಕು: ‘ಮಾವಿನ ಮರಕ್ಕ ಕಾವಲು ಇರ್ತದ ಸರ್, ಎಲ್ಲಾರನ್ನೂ ಬಿಡಂಗಿಲ್ಲ.’ ಬೇವಿಗೆ ಬೇಲಿ ಇಲ್ಲ, ಯಾರು ಬಂದರೂ ನೆರಳು. ನಾನು ಕಹಿ ಕಹಿ ಅಂತ ಹಿಡಿದು ಕೂತಿದ್ದೆ, ಆ ಹುಡುಗ ಹೊಲದಿಂದ ಬೇರೆಯೇ ತಂದ. ನಿಂಬಿತೋಟದವರೇ, ಇದನ್ನು ಒಪ್ಪುತ್ತೀರಾ?

ನಿಂಬಿತೋಟ

ಇದನ್ನು ಒಪ್ಪುತ್ತೇನೆ. ಕಹಿ ಓದಿಕೊಂಡವರ ಮಾತು, ಕಾವಲು ಹೊಲದವರ ಮಾತು. ಹಾಡಿದಾಕೆ ಹೊಲದವಳು. ಹೊಳೆಗೆ ಏನು ತುಂಬಿದರು?

ಮುಧೋಳ ಮಾಸ್ತರ

ಘಟಪ್ರಭಾ, ಮತ್ತೇನು! ಮುಧೋಳದ ಹುಡುಗರಲ್ವಾ. ಕೃಷ್ಣಾ ತೀರದವರು ಹಾಡುವಾಗ ಕೃಷ್ಣೆ ಅನ್ನುತ್ತಾರಾ? ಜಮಖಂಡಿ ಅಕ್ಕಾವರೇ, ನಿಮ್ಮ ಮನೆಯಲ್ಲಿ?

ಜಮಖಂಡಿ ಅಕ್ಕ

ನಮ್ಮ ಊರಿಗೆ ಕೃಷ್ಣೆ ಹತ್ತಿರ. ಆದರೆ ನಮ್ಮ ಆಯಿ ಹಾಡುವಾಗ ಭೀಮರತಿಯೇ. ಆಕೆಯ ತವರು ಇಂಡಿ ಕಡೆ.

ಚಡಚಣ ಸೊಸಿ

ನೋಡಿದಿರಾ! ಯಾರ ತವರು ಎಲ್ಲಿದೆಯೋ ಆ ಹೊಳೆ.

ನಿಂಬಿತೋಟ

ಅಕ್ಕಾ, ಒಬ್ಬ ಆಯಿಯಿಂದ ಅಷ್ಟು ದೊಡ್ಡ ಮಾತು ಹೇಳಲಾಗುವುದಿಲ್ಲ. ಮಾಸ್ತರರ ಉಪಾಯವನ್ನೇ ನಾನೂ ಮಾಡಿ ನೋಡಿದೆ. ಬ್ಯಾಸಗಿ, ಬೇವಿನ, ಭೀಮರತಿ. ಮೂರೂ ಒಂದೇ ತುಟಿಯ ಸದ್ದು. ಅಲ್ಲಿ ‘ಘಟಪ್ರಭೆಯೆಂಬ ಹೊಳಿ ತಂಪ’ ಅಂತ ಹಾಡಿ ನೋಡಿ, ಬೀಸುಕಲ್ಲಿನ ಲಯ ಎಡವುತ್ತದೆ. ಆಯಿ ಭೀಮರತಿ ಬಿಡದಿರುವುದು ತವರಿಗಾಗಿಯೋ, ಬಾಯಿಗೆ ಅದೇ ಸಲೀಸು ಅಂತಲೋ? ಮಲಪ್ರಭೆ ದಂಡೆಯವರು ಯಾರಾದರೂ ಇದ್ದರೆ ಅಲ್ಲಿ ಹೇಗೆ ಹಾಡುತ್ತಾರೆ ಅಂತ ಬರೆಯಿರಿ.